ಪೂಜೆಯ ದಿನ ನೀರಿಲ್ಲದೆ ಓಡಿದ ಮೋಟಾರು

ನಮ್ಮೂರಿಗೆ ದೋಣಿ ಬಂದ ದಿನ ನಕ್ಕವರಲ್ಲಿ ನಾನೇ ಮೊದಲಿಗ. ನಮ್ಮದು ನವಲಗುಂದ ತಾಲೂಕಿನ ಎರೆಹೊಲದ ಊರು. ವರ್ಷದ ಎಂಟು ತಿಂಗಳು ಬೆಣ್ಣಿಹಳ್ಳದಲ್ಲಿ ಒಂದು ಎಮ್ಮೆ ಮೈ ತೋಯಿಸಿಕೊಳ್ಳುವಷ್ಟೂ ನೀರಿರುವುದಿಲ್ಲ. ಉಳಿದ ನಾಲ್ಕು ತಿಂಗಳಲ್ಲಿ ಯಾವುದೋ ಒಂದು ದಿನ ಮೇಲಿನ ಊರುಗಳಲ್ಲಿ ಮಳೆ ಹೊಡೆದರೆ ಸಾಕು, ಅದೇ ಹಳ್ಳ ಸೇತುವೆಯನ್ನೂ ಅದರ ಎರಡೂ ಬದಿಯ ರಸ್ತೆಯನ್ನೂ ನುಂಗಿ ಹತ್ತಿ ಹೊಲಗಳ ಮೇಲೆ ಹಾಸಿಕೊಂಡು ಮಲಗುತ್ತದೆ. ಆಗ ನಾವು ಈ ದಂಡೆ, ಹುಬ್ಬಳ್ಳಿ ಬಸ್ಸು ಆ ದಂಡೆ. ಎರಡು ದಿನ, ಕೆಲವೊಮ್ಮೆ ನಾಲ್ಕು ದಿನ.

ಮಠದ ಕಮಿಟಿಯವರು ದೋಣಿ ತರಿಸಿದ್ದು ಅದಕ್ಕೇ. ಒಂದು ಫೈಬರ್ ದೋಣಿ, ಅದರ ಹಿಂದೆ ಸಿಕ್ಕಿಸುವ ಪೆಟ್ರೋಲ್ ಮೋಟಾರು, ಎಂಟು ಕಿತ್ತಳೆ ಬಣ್ಣದ ಜಾಕೀಟು. ಇದನ್ನು ನೋಡಿಕೊಳ್ಳುವವರು ಯಾರು ಎಂಬ ಮಾತು ಬಂದಾಗ ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ಮೂವತ್ತು ವರ್ಷ ಪಂಪ್‌ಸೆಟ್ಟಿನ ಡೀಸೆಲ್ ಇಂಜಿನ್ ಬಿಚ್ಚಿ ಕಟ್ಟಿದವನು ನಾನು. ಹೆಸರು ಹಿಡಿದು ಕರೆಯುವವರು ಊರಲ್ಲಿ ಕಡಿಮೆ, ಎಲ್ಲರಿಗೂ ಮಿಸ್ತ್ರಿ. ಹೊಲದ ಬದುವಿನಲ್ಲಿ ನಿಂತು ದೂರದ ಇಂಜಿನ್ನಿನ ಸದ್ದು ಕೇಳಿ, ಅದರ ನಾಝಲ್ ಕೆಟ್ಟಿದೆಯೋ ರಿಂಗ್ ಸವೆದಿದೆಯೋ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಜಂಬ ಸುಳ್ಳೇನೂ ಆಗಿರಲಿಲ್ಲ, ಅದೇ ತೊಂದರೆ.

ಮೋಟಾರು ಕೂರಿಸಲು ಕಾರವಾರದಿಂದ ಒಬ್ಬ ಮೆಕ್ಯಾನಿಕ್ ಬಂದಿದ್ದ. ನನ್ನ ಮಗನ ವಯಸ್ಸಿನವನು, ಮಾತು ಮೆತ್ತಗೆ. ಅವನು ಮೊದಲು ತೋರಿಸಿದ್ದು ಮೋಟಾರಿನ ಹಿಂಬದಿಯ ಒಂದು ಸಣ್ಣ ತೂತನ್ನು. ಕೆಳಗೆ ನೀರಿನಲ್ಲಿ ಮುಳುಗುವ ಉದ್ದನೆಯ ಭಾಗಕ್ಕೆ ಅವನು ಕಾಲು ಅನ್ನುತ್ತಿದ್ದ. ಆ ಕಾಲಿನ ಒಳಗೆ ಒಂದು ರಬ್ಬರಿನ ಚಕ್ರ ಇದೆ, ಆರು ಎಸಳಿನದು; ಅದು ತಿರುಗುತ್ತ ಹೊರಗಿನ ನೀರನ್ನು ಮೇಲೆತ್ತಿ ಇಂಜಿನ್ನಿನ ಮೈಯೊಳಗೆಲ್ಲ ಸುತ್ತಾಡಿಸಿ ತಂಪು ಮಾಡುತ್ತದೆ; ಆ ನೀರಿನಲ್ಲಿ ಸ್ವಲ್ಪ ಈ ತೂತಿನಿಂದ ಎಳೆಯಾಗಿ ಹೊರಗೆ ಬೀಳುತ್ತದೆ ಎಂದ. "ಈ ಎಳೆ ಕಾಣ್ತಾ ಇದ್ರೆ ಮೋಟಾರು ಬದುಕಿದೆ ಅಂತ. ನಿಂತ್ರೆ ಆ ಕ್ಷಣ ಆಫ್ ಮಾಡಿ. ಯಾಕೆ ನಿಂತಿತು ಅಂತ ಆಮೇಲೆ ಕೇಳಿ."

ಇನ್ನೊಂದು ಮಾತೂ ಹೇಳಿದ. ರಬ್ಬರು ನೀರಿನಲ್ಲೇ ತಿರುಗಬೇಕು, ಒಣಗಿದ್ದಾಗ ತಿರುಗಿದರೆ ಅರ್ಧ ನಿಮಿಷದಲ್ಲಿ ಸುಡುತ್ತದೆ. ಆದ್ದರಿಂದ ನೆಲದ ಮೇಲೆ ಚಾಲು ಮಾಡುವುದಾದರೆ ಕಾಲನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿಯೇ ಮಾಡಬೇಕು. ರಾಡಿ ನೀರಿನಲ್ಲಿ ಓಡಿಸಿ ಬಂದರೆ ಅದೇ ಡ್ರಮ್ಮಿನಲ್ಲಿ ಒಳ್ಳೆ ನೀರು ಹಾಕಿ ಹತ್ತು ನಿಮಿಷ ಓಡಿಸಿ ಒಳಗಿನ ಮಣ್ಣು ತೊಳೆಯಬೇಕು. ನಾನು ಹೂಂ ಹೂಂ ಎಂದೆ. ಮೂವತ್ತು ವರ್ಷದವನಿಗೆ ಮೂರು ವರ್ಷದವನು ಪಾಠ ಹೇಳುವಾಗ ಹೂಂಗುಡುವುದಿದೆಯಲ್ಲ, ಆ ಥರ. ಹೋಗುವಾಗ ಅವನು ಒಂದು ಕೆಂಪು ಡಬ್ಬಿ ಕೊಟ್ಟು ಹೋದ. ಅದನ್ನು ಗ್ಯಾರೇಜಿನ ಮೇಲಿನ ಹಲಗೆಗೆ ಸೇರಿಸಿದೆ, ಬಿಚ್ಚಿ ನೋಡಲಿಲ್ಲ.

ಈ ಮಾತನ್ನೆಲ್ಲ ಪಡಸಾಲೆಯಲ್ಲಿ ಕೂತು ಕೇಳಿಸಿಕೊಂಡವಳು ನಮ್ಮ ಅಕ್ಕ. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ನನ್ನನ್ನು ಕಂಕುಳಲ್ಲಿ ಎತ್ತಿಕೊಂಡೇ ರೊಟ್ಟಿ ಬಡಿದವಳು ಅವಳು. ಗಂಡ ಹೋದ ಮೇಲೆ ನಮ್ಮ ಮನೆಗೇ ಬಂದಿದ್ದಳು. ಎರಡು ವರ್ಷದ ಹಿಂದೆ ಅವಳ ಮೂತ್ರಪಿಂಡ ಎರಡೂ ಕೈಕೊಟ್ಟವು. ಅಂದಿನಿಂದ ಬುಧವಾರಕ್ಕೊಮ್ಮೆ ಶನಿವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ನಾಲ್ಕು ತಾಸು ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಒಂದು ಸರತಿ ತಪ್ಪಿದರೆ ಕಾಲು ಬಾತುಕೊಳ್ಳುತ್ತವೆ, ಇನ್ನೂ ತಡವಾದರೆ ನೀರು ಎದೆಗೆ ಏರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಖರೇ ಹೇಳಬೇಕೆಂದರೆ ದೋಣಿ ನೋಡಿಕೊಳ್ಳಲು ನಾನು ಒಪ್ಪಿದ್ದು ಊರಿಗಾಗಿ ಅಲ್ಲ, ಅಕ್ಕನ ಬುಧವಾರ ಶನಿವಾರಕ್ಕಾಗಿ.

ಖಂಡೇಪೂಜೆ ಬಂತು. ಆ ದಿನ ನಮ್ಮಲ್ಲಿ ಕಬ್ಬಿಣ ಅನ್ನುವುದೆಲ್ಲ ದೇವರು. ನೇಗಿಲು, ಟ್ರ್ಯಾಕ್ಟರು, ಹಿಟ್ಟಿನ ಗಿರಣಿ, ನನ್ನ ಪಾನಾ ಪಕ್ಕಡ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು ವಿಭೂತಿ ಬಳಿದು ಚೆಂಡುಹೂ ಏರಿಸುತ್ತೇವೆ. ಪೂಜೆ ಮುಗಿದ ಮೇಲೆ ಪ್ರತಿ ಇಂಜಿನ್ನನ್ನೂ ಒಮ್ಮೆ ಚಾಲು ಮಾಡಲೇಬೇಕು. ಪೂಜೆ ಉಂಡು ಸುಮ್ಮನೆ ಕೂತ ಯಂತ್ರ ವರ್ಷವಿಡೀ ಮುನಿಸಿಕೊಳ್ಳುತ್ತದೆ ಅನ್ನುವುದು ನಮ್ಮ ಕಡೆಯ ಮಾತು. ಮಠದ ಅಂಗಳದಲ್ಲಿ ಆ ವರ್ಷ ಎಲ್ಲರಿಗಿಂತ ಮೊದಲ ಮಣೆ ದೋಣಿಯ ಮೋಟಾರಿಗೆ. ಅದನ್ನು ಮರದ ಸ್ಟ್ಯಾಂಡಿಗೆ ಸಿಕ್ಕಿಸಿ ನಿಲ್ಲಿಸಿದ್ದೆ. ಹೆಂಗಸರು ಅದರ ಕಾಲಿಗೆ ವಿಭೂತಿ, ಕುಂಕುಮ, ಅರಿಷಿಣ ಹಚ್ಚಿ, ನೀರು ತಳ್ಳುವ ಫ್ಯಾನಿನ ರೆಕ್ಕೆಗೂ ಹೂವು ಸಿಕ್ಕಿಸಿದ್ದರು.

ನಾನು ಡ್ರಮ್ಮಿಗೆ ನೀರು ತುಂಬಿಸಿಯೇ ಇಟ್ಟಿದ್ದೆ. ಅಷ್ಟು ಬುದ್ಧಿ ಇತ್ತು. ಮೋಟಾರು ಎತ್ತಿ ಅದರಲ್ಲಿ ಇಳಿಸಲು ಹೋದಾಗ ಕಮಿಟಿಯ ಹಿರಿಯರು ಅಡ್ಡ ಬಂದರು. ಊರಿಗೆಲ್ಲ ಕಾಕಾ ಅವರು, ದೋಣಿ ಬರಲು ಓಡಾಡಿದವರೂ ಅವರೇ.

"ಏ ಮಿಸ್ತ್ರಿ, ಈಗ ಪೂಜಿ ಆಗೇತಿ. ವಿಭೂತಿ ಕುಂಕುಮ ಹಸಿ ಅದಾವು, ಆರತಿನೂ ಆಗಿಲ್ಲ. ನೀರಾಗ ಅದ್ದಿ ತೊಳೀತಿ ಏನು? ದೇವರ್ನ ಮುಳುಗಿಸಿದಂಗ ಆಕ್ಕೈತಿ."

"ಕಾಕಾ, ಇದು ನೀರಾಗ ಇದ್ರ ಚಲೋರಿ," ಎಂದೆ.

"ಐದು ನಿಮಿಷಕ್ಕ ಏನಾಕ್ಕೈತಿ? ನಿನ್ನ ಪಂಪ್‌ಸೆಟ್ ಏನು ನೀರಾಗ ನಿಂತು ಚಾಲೂ ಆಕ್ಕಾವು?"

ಜನ ನಕ್ಕರು. ಹೆಂಗಸರ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಕ್ಕ ಅಲ್ಲಿಂದಲೇ ಕೂಗಿದಳು. "ಲೇ ತಮ್ಮಾ, ಆ ಕಾರವಾರದ ಹುಡುಗ ಒಣಾದು ಚಾಲೂ ಮಾಡಬ್ಯಾಡ ಅಂತ ಹೇಳಿಲ್ಲೇನು?"

ಇಡೀ ಅಂಗಳದ ಮುಂದೆ ಅಕ್ಕನಿಂದ ಪಾಠ ಹೇಳಿಸಿಕೊಳ್ಳುವುದು ನನಗೆ ಸೇರಲಿಲ್ಲ. "ನಿನಗೇನ್ ತಿಳೀತೈತಿ ಇಂಜಿನ್ನಿಂದು, ಸುಮ್ನ ಕುಂಡ್ರು ಬೇ," ಎಂದು ಗದರಿಸಿ ಹಗ್ಗ ಎಳೆದೆ. ಒಂದೇ ಎಳೆತಕ್ಕೆ ಮೋಟಾರು ಹಿಡಿಯಿತು. ಚಪ್ಪಾಳೆ ಬಿತ್ತು. ಕಾಕಾ ಕಾಯಿ ಒಡೆದರು. ಐದು ಮಂದಿ ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಆರತಿ ಎತ್ತಿದರು. ಐದನೆಯವಳ ಆರತಿ ಮುಗಿಯುವವರೆಗೆ ಅದು ಗುರ್ರೆನ್ನುತ್ತಲೇ ಇತ್ತು. ಊದಿನಕಡ್ಡಿ, ಕರ್ಪೂರದ ನಡುವೆ ರಬ್ಬರು ಕಾಯ್ದ ವಾಸನೆ ನನ್ನ ಮೂಗಿಗೆ ಬಡಿಯಿತು. ಮೂವತ್ತು ವರ್ಷದ ಮೂಗು, ಅದಕ್ಕೆ ತಿಳಿಯದೆ ಇರುತ್ತದೆಯೇ? ನಾನು ಆಫ್ ಮಾಡಿ, ಮುಚ್ಚಳದ ಮೇಲಿನ ಹೂವು ಸರಿಮಾಡಿ, ಪ್ರಸಾದ ತೆಗೆದುಕೊಂಡೆ. ಮರುದಿನ ಬನ್ನಿ ಕೊಟ್ಟು ಬಂಗಾರದಂಗ ಇರೂಣು ಎಂದು ಎಲ್ಲರಿಗೂ ಹೇಳಿ ಬಂದೆ. ಆ ವಾಸನೆಯ ಬಗ್ಗೆ ಯಾರಿಗೂ ಹೇಳಲಿಲ್ಲ.

ಹದಿನೈದು ದಿನ ಕಳೆದಿರಬೇಕು, ಹಿಂಗಾರಿ ಮಳೆ ಹುಚ್ಚು ಹಿಡಿದಂತೆ ಹೊಡೆಯಿತು. ಮಂಗಳವಾರ ಹಳ್ಳ ರಸ್ತೆ ಹತ್ತಿತು. ಬುಧವಾರ ಅಕ್ಕನ ಸರತಿ. ಆದರೆ ಸೆಳವು ನೋಡಿದರೆ ದೋಣಿ ಇಳಿಸುವ ಧೈರ್ಯ ಯಾರಿಗೂ ಬರಲಿಲ್ಲ. ತಾಲೂಕಿನ ಕಡೆಯಿಂದ ಬೇರೆ ದೋಣಿಗೆ ಫೋನ್ ಮಾಡಿದರೆ, ಅದು ಬೇರೆ ಊರಿನ ಜನರನ್ನು ಸಾಗಿಸುತ್ತಿದೆ, ಯಾವಾಗ ಬರುತ್ತದೋ ಹೇಳಲಾಗದು ಎಂಬ ಉತ್ತರ ಬಂತು. ಬುಧವಾರ ಇಡೀ ದಿನ ಅಕ್ಕ ಒಂದು ಲೋಟ ನೀರನ್ನೇ ಗುಟುಕು ಗುಟುಕಾಗಿ ಕುಡಿದು ಕಳೆದಳು. ಗುರುವಾರ ಬೆಳಿಗ್ಗೆ ಅವಳ ಕಾಲು ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ರಾತ್ರಿಯೆಲ್ಲ ಕಂಬಕ್ಕೆ ಒರಗಿ ಕೂತೇ ಇದ್ದಳು. ನನ್ನ ಹೆಂಡತಿ ಮಗಳ ಬಾಣಂತನಕ್ಕೆ ಬೇರೆ ಊರಿಗೆ ಹೋಗಿದ್ದಳು, ಮನೆಯಲ್ಲಿ ನಾವಿಬ್ಬರೇ.

ಸೆಳವು ಸ್ವಲ್ಪ ಇಳಿದಿತ್ತು. ಎಂಟು ಗಂಟೆಗೆ ದೋಣಿ ಇಳಿಸಿದೆವು. ಮುಂದೆ ಉದ್ದನೆಯ ಬಿದಿರು ಹಿಡಿದು ಮಠದ ಟ್ರ್ಯಾಕ್ಟರ್ ಡ್ರೈವರ್, ನಡುವೆ ಜಾಕೀಟಿನಲ್ಲಿ ಹುದುಗಿ ಅಕ್ಕ, ಹಿಂದೆ ನಾನು. ಆ ದಂಡೆಯ ರಸ್ತೆ ಒಂದು ಕಿಲೋಮೀಟರ್ ದೂರ ಇದ್ದೀತು. ಅಲ್ಲಿ ಒಬ್ಬ ಪರಿಚಯದವನು ಗಾಡಿ ತಂದು ನಿಲ್ಲಿಸಿದ್ದ, ಅವನ ಗಾಡಿಯ ದೀಪ ನಮಗೆ ಕಾಣುತ್ತಿತ್ತು.

ಹೊರಟ ಮೊದಲ ನಿಮಿಷ ತೂತಿನಿಂದ ನೂಲಿನಂಥ ಎಳೆ ಬೀಳುತ್ತಿತ್ತು. ಆಮೇಲೆ ತೊಟ್ಟಿಕ್ಕಿತು. ಆಮೇಲೆ ಏನೂ ಇಲ್ಲ. ಅದನ್ನು ನೋಡಿದೆ. ನೋಡಿಯೂ ತೆರೆಯ ಸಿಡಿತಕ್ಕೆ ಕಾಣುತ್ತಿಲ್ಲ ಅಂದುಕೊಂಡೆ, ಯಾಕೆಂದರೆ ದೀಪ ಕಾಣುತ್ತಿತ್ತು, ಇನ್ನು ಅರ್ಧ ದಾರಿ ದಾಟಿದರೆ ಮುಗಿಯಿತು. ಮೋಟಾರಿನಿಂದ ಪೀ ಎಂಬ ಸದ್ದು ಶುರುವಾಯಿತು, ಅದಾಗಿಯೇ ವೇಗ ತಗ್ಗಿತು. ನಾನು ಏನು ಮಾಡಿದೆ ಹೇಳಲೇ? ಹೊಲದಲ್ಲಿ ಇಂಜಿನ್ ಕಾದಾಗ ಹಸಿ ಗೋಣಿತಟ್ಟು ಹೊದಿಸುತ್ತೇವಲ್ಲ, ಹಾಗೆ ಗೋಣಿತಟ್ಟನ್ನು ನೀರಿನಲ್ಲಿ ಅದ್ದಿ ಮುಚ್ಚಳದ ಮೇಲೆ ಹಾಕಿದೆ. ತಟ್ಟಿನಿಂದ ಹಬೆ ಎದ್ದಿತು. ಒಳಗಿನ ಬೇನೆಗೆ ಹೊರಗೆ ಪಟ್ಟಿ ಕಟ್ಟಿದರೆ ಏನು ಬಂತು? ಬಣ್ಣ ಸುಟ್ಟ ವಾಸನೆಯೊಂದಿಗೆ ಮೋಟಾರು ನಿಂತೇಬಿಟ್ಟಿತು.

ದೋಣಿ ಅಡ್ಡ ತಿರುಗಿತು. ಸೆಳವು ನಮ್ಮನ್ನು ಎತ್ತಿಕೊಂಡು ಹೋಗಿ ನಮ್ಮ ದಂಡೆಯ ಕಡೆಯ ಹೊಲವೊಂದರ ಜಾಲಿ ಸಾಲಿಗೆ ಬಡಿಯಿತು. ಡ್ರೈವರ್ ಮುಳ್ಳು ಲೆಕ್ಕಿಸದೆ ಟೊಂಗೆ ಹಿಡಿದು ಹಗ್ಗ ಬಿಗಿದ, ಅವನ ಅಂಗೈಯಿಂದ ರಕ್ತ ಸುರಿಯುತ್ತಿತ್ತು. ಅಕ್ಕ ಕಿರುಚಲಿಲ್ಲ. ಎರಡೂ ಕೈಯಿಂದ ಹಲಗೆ ಹಿಡಿದುಕೊಂಡು ಆ ದೀಪದ ಕಡೆಯೇ ನೋಡುತ್ತಿದ್ದಳು. ಊರಿನವರು ಎದೆಮಟ್ಟದ ನೀರಿನಲ್ಲಿ ಬಂದು ಹಗ್ಗ ಜಗ್ಗಿ ನಮ್ಮನ್ನು ಹೊರಟ ಜಾಗಕ್ಕೇ ಎಳೆದು ತರುವ ಹೊತ್ತಿಗೆ ಹತ್ತು ಗಂಟೆ.

ಮೋಟಾರನ್ನು ನಮ್ಮ ಪಡಸಾಲೆಯ ಮುಂದಿನ ಗ್ಯಾರೇಜಿಗೆ ಹೊತ್ತು ತಂದರು. ಅಕ್ಕನನ್ನು ಮತ್ತೆ ಕಂಬಕ್ಕೆ ಒರಗಿಸಿ ಕೂರಿಸಿದರು. ನಾನು ಹಗ್ಗ ಎಳೆದು ನೋಡಿದೆ. ಮೆತ್ತಗೆ ತಿರುಗಿತು. ಪಿಸ್ಟನ್ ಹಿಡಿದುಕೊಂಡಿರಲಿಲ್ಲ, ಇನ್ನೊಂದು ನಿಮಿಷ ಓಡಿದ್ದರೆ ಹಿಡಿಯುತ್ತಿತ್ತು. ಅಂದರೆ ನೀರು ಏರುವ ಹಾದಿ ಸರಿಪಡಿಸಿದರೆ ಇವತ್ತೇ ಮತ್ತೆ ಹೋಗಬಹುದು. ಆ ಹಾದಿ ಎಲ್ಲಿ ಕೆಟ್ಟಿದೆ ಎಂಬುದು ನನ್ನ ಮೂಗಿಗೆ ಹದಿನೈದು ದಿನದಿಂದ ಗೊತ್ತಿತ್ತು.

ಕಾರವಾರದವನಿಗೆ ಫೋನ್ ಹಚ್ಚಿದೆವು. ಎಲ್ಲರಿಗೂ ಕೇಳಲಿ ಎಂದು ಕಾಕಾ ಅದನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟರು. ಸುತ್ತ ಹತ್ತು ಹನ್ನೆರಡು ಮಂದಿ. ಅವನು ಎಲ್ಲ ಕೇಳಿಸಿಕೊಂಡು ಮೊದಲ ಪ್ರಶ್ನೆಯಾಗಿ ಅದನ್ನೇ ಕೇಳಿದ. "ಈ ನಡುವೆ ಎಲ್ಲಾದ್ರೂ ನೀರಿಲ್ಲದೆ ಓಡಿಸಿದ್ರಾ? ಸರಿಯಾಗಿ ನೆನಪು ಮಾಡಿ ಹೇಳಿ."

ಕಾಕಾ ನನ್ನ ಮುಖ ನೋಡಿದರು. ಹೌದು ಅಂದರೆ ಪೂಜೆಯನ್ನೇ ತಪ್ಪು ಅಂದಂತೆ, ಅವರ ಮಾತು ಕೇಳಿ ಕೆಟ್ಟೆ ಅಂದಂತೆ. ಅದಕ್ಕಿಂತ ಹೆಚ್ಚಾಗಿ, ಗೊತ್ತಿದ್ದೂ ಮಾಡಿದೆ ಎಂದು ಈ ಮಿಸ್ತ್ರಿ ಒಪ್ಪಿಕೊಂಡಂತೆ.

"ಇಲ್ಲ," ಎಂದೆ.

"ಒಮ್ಮೆಯೂ ಇಲ್ಲ?"

"ಇಲ್ಲಂತ ಹೇಳಿದ್ನಲ್ಲ. ಹಳ್ಳದಾಗಿನ ಕಸ ಸಿಕ್ಕೈತಿ." ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ಹಳ್ಳವನ್ನೇ ಡೊಂಕು ಮಾಡಿದೆ.

ರೋಗಿ ಸುಳ್ಳು ಹೇಳಿದರೆ ವೈದ್ಯ ಏನು ಮಾಡಬೇಕು? ಅವನು ಪಾಪ ನನ್ನ ಮಾತು ನಂಬಿದ. ಹಾಗಾದರೆ ರಬ್ಬರು ಚಕ್ರ ಹೊಸದು, ಅದು ಕೆಟ್ಟಿರಲಾರದು, ಅದನ್ನು ಬಿಚ್ಚುವುದು ಬೇಡ ಎಂದ. ಕಾಲಿನ ಎರಡೂ ಬದಿಯ ಜಾಲರಿ ತೊಳೆಯಲು ಹೇಳಿದ. ಅಲ್ಲಿ ಹತ್ತಿ ಕಟ್ಟಿಗೆಯ ಸಿಬಿರು, ಹುಲ್ಲು ಸ್ವಲ್ಪ ಇತ್ತು, ತೆಗೆದೆ. "ನೋಡ್ರಿ, ಕಸಾನ ಕಸ," ಎಂದರು ಕಾಕಾ, ಅವರಿಗೂ ಸಮಾಧಾನ. ಡ್ರಮ್ಮಿನಲ್ಲಿ ಇಳಿಸಿ ಚಾಲು ಮಾಡಿದೆ. ಎಳೆ ಬರಲಿಲ್ಲ, ಆಫ್ ಮಾಡಿದೆ. ತೂತಿಗೆ ತಂತಿ ಹಾಕಿ ಕೆದಕಲು ಹೇಳಿದ. ಎರೆಮಣ್ಣು ಒಂದಿಷ್ಟು ಉದುರಿತು. ಎಳೆ ಬರಲಿಲ್ಲ. ಹಾಗಾದರೆ ಮೇಲೆ ಥರ್ಮೋಸ್ಟ್ಯಾಟ್ ಸಿಕ್ಕಿಕೊಂಡಿರಬಹುದು ಎಂದ. ಅದು ಇಂಜಿನ್ನಿನ ನೀರನ್ನು ಬಿಡುವ ಹಿಡಿಯುವ ಒಂದು ಸಣ್ಣ ಬಾಗಿಲು. ಅದರ ಬೋಲ್ಟು ಉಪ್ಪು ಹಿಡಿದಂತೆ ಬಿಗಿದಿದ್ದವು, ಮುರಿಯದಂತೆ ಬಿಚ್ಚಲು ಎರಡು ತಾಸು ಹಿಡಿಯಿತು. ಪ್ರತಿ ಬೋಲ್ಟಿಗೂ ಎಣ್ಣೆ ಬಿಟ್ಟು ಕಾಯಬೇಕು. ಕಾಯುವಾಗ ಪಡಸಾಲೆಯಿಂದ ಅಕ್ಕನ ಉಸಿರು ಕೇಳುತ್ತಿತ್ತು. ಬೆಳಿಗ್ಗೆ ಅದು ಬರೀ ಏದುಸಿರು, ಮಧ್ಯಾಹ್ನದ ಹೊತ್ತಿಗೆ ಹುಕ್ಕಾ ಸೇದಿದಂತೆ ಗುಳುಗುಳು ಸದ್ದು.

ಆ ಬಾಗಿಲಿನ ಮುಚ್ಚಳ ತೆಗೆದಾಗ ಒಳಗೆ ಬೆರಳುಗುರಿನಷ್ಟು ಒಂದು ಕರಿ ರಬ್ಬರಿನ ಚೂರು ಸಿಕ್ಕಿತು.

ನನ್ನ ಬೆನ್ನಿನ ಹಿಂದೆ ಜನ. ಕೈ ಮುಚ್ಚಿದೆ. "ಕೆಸರು," ಎಂದು ಹೇಳಿ ಅದನ್ನು ಅಂಗಿಯ ಕಿಸೆಗೆ ಹಾಕಿದೆ. ಇದನ್ನು ಬರೆಯುವಾಗ ಈಗಲೂ ನನಗೆ ನಾಚಿಕೆಯಾಗುತ್ತದೆ. ಹೊಳೆದದ್ದು ಇಷ್ಟೇ: ಇವರೆಲ್ಲ ಊಟಕ್ಕೆ ಹೋಗಲಿ, ಆಗ ಸ್ಪೀಕರ್ ತೆಗೆದು ಅವನೊಬ್ಬನಿಗೇ ಹೇಳುತ್ತೇನೆ, ಕಾಲು ಬಿಚ್ಚುವ ಬಗೆ ಕೇಳುತ್ತೇನೆ. ಅದನ್ನು ಎಂದೂ ಬಿಚ್ಚಿದವನಲ್ಲ ನಾನು, ಕೇಳದೆ ಕೈ ಹಾಕುವಂತಿರಲಿಲ್ಲ. ಆದರೆ ಇವರು ಹೋಗಬೇಕಲ್ಲ! ಮಿಸ್ತ್ರಿ ಉಪವಾಸ ಇರುವಾಗ ನಾವು ಹೆಂಗ ಉಣ್ಣೂದು ಎಂದು ಕಾಕಾ ತಮ್ಮ ಮನೆಯಿಂದ ರೊಟ್ಟಿ ತರಿಸಿ ಅಲ್ಲೇ ಕಟ್ಟೆಯ ಮೇಲೆ ಎಲ್ಲರಿಗೂ ಹಂಚಿದರು. ಡ್ರೈವರ್ ಅಂಗೈಗೆ ಬಟ್ಟೆ ಸುತ್ತಿಕೊಂಡು, "ಹೊಂಟಾಗ ನಾನ ದೋಣಿ ಕಸದಾಗ ಬಿಟ್ಟೆ ಅನಸ್ತೈತ್ರಿ," ಎಂದ. ನಾನು ಅದಕ್ಕೂ ಬಾಯಿ ಬಿಡಲಿಲ್ಲ. ಒಂದು ಸುಳ್ಳಿಗೆ ಮೂರು ತಾಸು, ಅದನ್ನು ಕಾಯಲು ಇನ್ನೂ ಎರಡು.

ಮೂರೂವರೆ ಆಗಿತ್ತು. ಅಕ್ಕ ಕೈಸನ್ನೆ ಮಾಡಿ ಕರೆದಳು. ಹತ್ತಿರ ಹೋಗಿ ಕೂತೆ. ತುಟಿ ನೀಲಿಗಟ್ಟಿತ್ತು. ಒಂದೊಂದು ಮಾತಿಗೂ ನಿಂತು ಉಸಿರೆಳೆದುಕೊಂಡಳು.

"ಕಿಸೆದಾಗ ಏನ್ ಹಾಕ್ಕೊಂಡಿ?"

ನಾನು ಕಿಸೆಯ ಮೇಲೆ ಕೈ ಇಟ್ಟುಕೊಂಡೆ.

"ನಾ ನೋಡೇನಿ. ಇಲ್ಲೇ ಕುಂತೇನಿ, ಕಣ್ಣು ಇನ್ನೂ ಹೋಗಿಲ್ಲ." ಮತ್ತೆ ಉಸಿರು. "ಅವಂಗ ಖರೇ ಹೇಳಲೇ ತಮ್ಮಾ. ನಂಗ ಕುಂಡ್ರಾಕ ಆಗವಲ್ದು."

ಎದ್ದು ಬಂದು ಫೋನ್ ಹಚ್ಚಿದೆ. ಸ್ಪೀಕರ್ ತೆಗೆಯಲಿಲ್ಲ. ತೆಗೆಯುವಷ್ಟು ತಾಳ್ಮೆ ಉಳಿದಿರಲಿಲ್ಲ. "ಪೂಜಿ ದಿನ ಒಣಾದು ಓಡಿಸೇನಿ. ಐದಾರು ನಿಮಿಷ. ರಬ್ಬರ್ ಸುಟ್ಟ ವಾಸನಿ ಬಂದಿತ್ತು. ಮ್ಯಾಲೆ ಒಂದು ಚೂರು ಸಿಕ್ಕೈತಿ," ಎಂದೆ. ಕಾಕಾ ತಲೆ ತಗ್ಗಿಸಿ ಕೈಯಲ್ಲಿನ ರೊಟ್ಟಿ ಚೂರನ್ನು ತಾಟಿಗೆ ಇಟ್ಟರು. ಬಯ್ಯುತ್ತಾನೆ ಎಂದುಕೊಂಡಿದ್ದೆ, ಅವನು ಬಯ್ಯಲಿಲ್ಲ. "ಬೆಳಿಗ್ಗೆನೇ ಹೇಳಬಾರ್ದಾ ಮಾರಾಯ್ರೆ," ಎಂದ ಅಷ್ಟೇ. "ನಾನು ಕೊಟ್ಟ ಕೆಂಪು ಡಬ್ಬಿ ತೆಗೀರಿ. ಹಗ್ಗದ ಕೆಳಗೆ ಒಂದು ಪ್ಯಾಕೆಟ್ಟಿದೆ, ಹೊಸ ಚಕ್ರ ಅದರಲ್ಲೇ ಇದೆ."

ಡಬ್ಬಿ ನನ್ನ ತಲೆಯ ಮೇಲಿನ ಹಲಗೆಯಲ್ಲೇ ಇತ್ತು.

ಅಲ್ಲಿಂದ ಮುಂದೆ ಎಲ್ಲ ಸಲೀಸು. ಅದೇ ನನ್ನ ಎದೆ ಸುಡುವುದು. ಅವನು ಹೇಳಿದಂತೆ ಬೋಲ್ಟು ತೆಗೆದು ಕಾಲನ್ನು ಕೆಳಗೆ ಇಳಿಸಿದೆವು, ಪಂಪಿನ ಮುಚ್ಚಳ ತೆಗೆದೆವು. ಆರು ಎಸಳಿನಲ್ಲಿ ಎರಡು ಉಳಿದಿದ್ದವು, ಅವೂ ಹಪ್ಪಳದಂತೆ ಸೊಟ್ಟಗಾಗಿದ್ದವು. ಮುರಿದ ಬಳೆಯ ಚೂರು ಜೋಡಿಸಿದಂತೆ ಸಿಕ್ಕ ಚೂರುಗಳನ್ನು ಒಂದು ಕಾಗದದ ಮೇಲೆ ಜೋಡಿಸಿ ನೋಡು, ಒಂದು ಕಡಿಮೆಯಾದರೂ ಅದು ಒಳಗೇ ಕೂತು ಮತ್ತೆ ಹಾದಿ ಕಟ್ಟುತ್ತದೆ ಎಂದ. ಕಿಸೆಯಲ್ಲಿನ ಚೂರನ್ನು ಎಲ್ಲರೆದುರು ತೆಗೆದು ಇಟ್ಟೆ. ಇನ್ನೊಂದು ಕಡಿಮೆ ಬಿತ್ತು. ಕರೆಂಟಿರಲಿಲ್ಲ, ಡ್ರೈವರ್ ಸೈಕಲ್ ಪಂಪ್ ತಂದು ನೀರಿನ ಕೊಳವೆಗೆ ಗಾಳಿ ಹೊಡೆದ. ಟಪ್ಪೆಂದು ಆ ಚೂರೂ ಹೊರಬಿತ್ತು. ಹೊಸ ಚಕ್ರಕ್ಕೆ ಸಾಬೂನು ನೀರು ಸವರಿ, ತಿರುಗುವ ದಿಕ್ಕಿಗೇ ಎಸಳು ಬಾಗುವಂತೆ ಕೂರಿಸಿದೆ. ಡ್ರಮ್ಮಿನಲ್ಲಿ ಇಳಿಸಿ ಹಗ್ಗ ಎಳೆದೆ. ಹತ್ತು ಎಣಿಸುವುದರಲ್ಲಿ ಹಿಂದಿನ ತೂತಿನಿಂದ ಕಿರುಬೆರಳು ದಪ್ಪದ ನೀರು ಚಿಮ್ಮಿತು. ಕೈ ಒಡ್ಡಿ ನೋಡಿದೆ, ಉಗುರು ಬೆಚ್ಚಗೆ. ಎಲ್ಲ ಸೇರಿ ಒಂದೂವರೆ ತಾಸಿನ ಕೆಲಸ. ಬೆಳಿಗ್ಗೆ ಹತ್ತೂವರೆಗೆ ಖರೇ ಹೇಳಿದ್ದರೆ ಹನ್ನೆರಡೂವರೆಗೆ ನಾವು ಆ ದಂಡೆಯಲ್ಲಿರುತ್ತಿದ್ದೆವು.

ಐದು ದಾಟಿದ ಮೇಲೆ ದೋಣಿ ಹತ್ತಿದೆವು. ಈ ಸಲ ನಾನು ಆ ಎಳೆಯಿಂದ ಕಣ್ಣು ಕೀಳಲಿಲ್ಲ, ದಾರಿಯನ್ನು ಡ್ರೈವರನೇ ನೋಡಿ ಕೂಗಿ ಹೇಳಿದ. ಇಪ್ಪತ್ತು ನಿಮಿಷದಲ್ಲಿ ದಾಟಿಬಿಟ್ಟೆವು. ಅಷ್ಟು ಸುಲಭವಾಗಿ ದಾಟಿದ್ದನ್ನು ಕಂಡು ನನಗೆ ಸಂತೋಷವಾಗಬೇಕಿತ್ತು. ಗಾಡಿಯಲ್ಲಿ ಅಕ್ಕನ ತಲೆ ನನ್ನ ಭುಜದ ಮೇಲೆ ವಾಲಿತ್ತು. ಅವಳ ಎದೆಯ ಗುಳುಗುಳು ಸದ್ದು ಹುಬ್ಬಳ್ಳಿಯವರೆಗೆ ನನ್ನ ಕಿವಿಯಲ್ಲೇ ಇತ್ತು.

ಆಸ್ಪತ್ರೆಯಲ್ಲಿ ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದರು. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿ ನನ್ನ ಕಡೆ ತಿರುಗಿದರು. "ಎಷ್ಟೊತ್ತಿನಿಂದ ಹಿಂಗದಾರ್ರಿ ಇವ್ರು? ಮಧ್ಯಾಹ್ನನಾದ್ರೂ ತರಬೇಕಿತ್ತು. ಹಾರ್ಟಿಗೆ ಭಾಳ ತ್ರಾಸ ಬಿದ್ದೈತಿ. ಯಾಕಿಷ್ಟು ತಡಾ ಮಾಡಿದ್ರಿ?"

ನಾನು ಬಾಯಿ ತೆರೆದೆ. ಈ ಸಲ ಹೇಳಿಯೇ ತೀರುತ್ತೇನೆ ಎಂದುಕೊಂಡಿದ್ದೆ, ದೇವರಾಣೆ. ಅಷ್ಟರಲ್ಲಿ ಅಕ್ಕ ಮಾಸ್ಕ್ ಎತ್ತಿದಳು.

"ಹಳ್ಳ ಬಂದಿತ್ರಿ," ಎಂದಳು. ಉಸಿರೆಳೆದುಕೊಂಡು ಮತ್ತೆ ಅಂದಳು, "ನಮ್ಮ ತಮ್ಮ ಏನ್ ಮಾಡ್ತಾನ್ರಿ, ಹಳ್ಳ ಬಂದಿತ್ತು."

ಡಾಕ್ಟರಮ್ಮ ತಲೆಯಾಡಿಸಿ ಬರೆದುಕೊಂಡರು. ನಾನು ತೆರೆದ ಬಾಯಿ ಮುಚ್ಚಿದೆ.

ಅಕ್ಕ ಬದುಕಿದಳು. ಹನ್ನೊಂದು ದಿನ ಅಲ್ಲೇ ಇದ್ದಳು. ಆದರೆ ಹೋದ ಅಕ್ಕ ಬೇರೆ, ಬಂದ ಅಕ್ಕ ಬೇರೆ. ಹಿತ್ತಲಿಗೆ ತಾನೇ ಹೋಗಿ ಬರುತ್ತಿದ್ದವಳು ಈಗ ಪಡಸಾಲೆಯ ಎರಡು ಮೆಟ್ಟಿಲು ಇಳಿಯಲು ನನ್ನ ತೋಳು ಹಿಡಿಯುತ್ತಾಳೆ, ಎರಡನೇ ಮೆಟ್ಟಿಲಿಗೆ ನಿಲ್ಲುತ್ತಾಳೆ. ಹೃದಯದ ಬಲ ಅರ್ಧಕ್ಕೆ ಬಂದಿದೆ ಎಂದರು ಡಾಕ್ಟರು. ಅದರಲ್ಲಿ ಎಷ್ಟು ಹಳೆಯ ಜಡ್ಡಿನದು, ಎಷ್ಟು ಆ ಗುರುವಾರದ್ದು ಎಂದು ಕೇಳಿದೆ. ಹಾಗೆ ಬಿಡಿಸಿ ಹೇಳಲು ಬರುವುದಿಲ್ಲ ಎಂದರು.

ಊರಲ್ಲಿ ನನಗೆ ಯಾರೂ ಏನೂ ಅನ್ನಲಿಲ್ಲ. ಗ್ಯಾರೇಜಿನಲ್ಲಿ ನಡೆದದ್ದು ಕಂಡವರೇ ಅದನ್ನು ಮರೆತಂತೆ ಇದ್ದರು, ಕಾಕಾ ಎಲ್ಲರಿಗಿಂತ ಹೆಚ್ಚು. ಅಕ್ಕನನ್ನು ನೋಡಲು ನೆಂಟರು ಬಂದರೆ ಅವಳು ಅದೇ ಕತೆ ಹೇಳುತ್ತಾಳೆ: ಹಳ್ಳ ಬಂದಿತ್ತು, ಮೋಟಾರದಾಗ ಕಸ ಸಿಕ್ಕಿತ್ತು, ನಮ್ಮ ತಮ್ಮ ಇಡೀ ದಿನ ಉಪವಾಸ ಕುಂತು ರಿಪೇರಿ ಮಾಡಿ ನನ್ನ ಪಾರು ಮಾಡಿದ. ನೆಂಟರು ನನ್ನ ಕಡೆ ಮೆಚ್ಚಿ ನೋಡುತ್ತಾರೆ. ನಾನು ಚಹಾದ ನೆವ ಮಾಡಿಕೊಂಡು ಎದ್ದು ಹೋಗುತ್ತೇನೆ.

ಹೋದ ತಿಂಗಳು, ಮಳೆಗಾಲ ಮತ್ತೆ ಎದುರಿಗೆ ಬಂದಿತ್ತು. ಮೋಟಾರಿಗೆ ಹೊಸ ರಬ್ಬರು ಹಾಕಿ ಡ್ರಮ್ಮಿನಲ್ಲಿ ಓಡಿಸಿ ಕೈ ಒರೆಸಿಕೊಳ್ಳುತ್ತ ಪಡಸಾಲೆಗೆ ಬಂದೆ. ನೆಂಟರು ಆಗತಾನೆ ಹೋಗಿದ್ದರು. ಅಕ್ಕನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕೇಳಿಯೇಬಿಟ್ಟೆ.

"ಅಕ್ಕಾ, ನೀ ಯಾಕ ಸುಳ್ಳು ಹೇಳ್ತಿ? ಅವತ್ತು ನನಗ ಖರೇ ಹೇಳು ಅಂದಾಕಿ ನೀನ. ಡಾಕ್ಟರಿಗೆ ಸುಳ್ಳು, ಮಂದಿಗೆಲ್ಲ ಸುಳ್ಳು. ನನ್ನ ಬೈದ್ರ ನನಗ ಹಗುರಾದ್ರೂ ಆಕ್ಕಿತ್ತು."

ಅಕ್ಕ ನನ್ನ ಮುಖವನ್ನೇ ನೋಡಿದಳು. ಸಿಟ್ಟಿರಲಿಲ್ಲ, ಪ್ರೀತಿ ಎಂದೂ ಹೇಳಲಾರೆ. ಹೊರಗೆ ಮೋಡ ಕಟ್ಟಿದ್ದ ಕಡೆ ಒಮ್ಮೆ ಕಣ್ಣು ಹಾಯಿಸಿದಳು.

"ಬೈದು ಏನ್ ಮಾಡ್ಲಿ?" ಎಂದಳು. "ಹಳ್ಳ ಮತ್ತ ಬರತೈತಿ. ಬುಧವಾರ ನಾ ನಿನ್ನ ದೋಣ್ಯಾಗ ಕುಂಡ್ರಬೇಕಲ್ಲ."